ಸುಣ್ಣದ ಕಲ್ಲು, ಜಾಲಿಕಂಟಿ, ಕೋನ್: ಕಾಮಗಾರಿ ನಡೆಯುವ ರಸ್ತೆಯ ಸಲಕರಣೆಗಳಿಗೆ ಮಾನದಂಡ ಯಾವುದು?

ಪ್ರಶ್ನೆ: ಡಿಪ್ಲೊಮಾ ಮುಗಿಸಿ, ಮುಧೋಳ ಮತ್ತು ಲೋಕಾಪುರದ ನಡುವಿನ ರಸ್ತೆಯಲ್ಲಿ ಮೋರಿಗಳನ್ನು ಅಗಲ ಮಾಡುವ ಉಪಗುತ್ತಿಗೆ ಕೆಲಸಕ್ಕೆ ಸೈಟ್ ಸೂಪರ್‌ವೈಸರ್ ಆಗಿ ಸೇರಿದ್ದೇನೆ. ಅರ್ಧ ರಸ್ತೆಯನ್ನು ಅಗೆದು, ಉಳಿದರ್ಧದಲ್ಲಿ ವಾಹನಗಳನ್ನು ಬಿಡುತ್ತೇವೆ. ಈಗ ಸುಣ್ಣ ಬಳಿದ ಕಲ್ಲು, ಮಣ್ಣು ತುಂಬಿದ ಡಾಂಬರ್ ಡ್ರಮ್ಮು ಮತ್ತು ಕೆಂಪು ರಿಬ್ಬನ್ ಇಟ್ಟಿದ್ದೇವೆ. ಕೋನ್ ಮತ್ತು ಬ್ಯಾರಿಕೇಡ್ ತರಿಸಲು ಮಾಲೀಕರು ಒಪ್ಪಿದ್ದಾರೆ. ಆದರೆ ಆನ್‌ಲೈನ್ ಕ್ಯಾಟಲಾಗ್‌ಗಳಲ್ಲಿ ‘ಮ್ಯಾಶ್’, ‘ಇಎನ್ 13422’, ‘ಟೈಪ್ 4’ ಎಂದೆಲ್ಲ ಬರೆದಿರುತ್ತದೆ. ಇವುಗಳಲ್ಲಿ ನಮಗೆ ಯಾವುದು ಅನ್ವಯಿಸುತ್ತದೆ? ಅಪಘಾತವಾದರೆ ಹೊಣೆ ಯಾರದು? ಕಬ್ಬಿನ ಹಂಗಾಮು ಶುರುವಾಗುವ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮೊದಲು ಒಂದು ಮಾತು: ಆ ಡಾಂಬರ್ ಡ್ರಮ್ಮುಗಳನ್ನೂ ಕಲ್ಲುಗಳನ್ನೂ ಹೊಸ ಸಾಮಾನು ಬರುವವರೆಗೆ ಕಾಯದೆ ಇವತ್ತೇ ತೆಗೆಸಿಬಿಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಅವುಗಳ ಜಾಗದಲ್ಲಿ ಏನೂ ಇಲ್ಲದಿದ್ದರೆ, ನಾಲ್ಕು ದಿನದ ಮಟ್ಟಿಗೆ, ಅರ್ಧ ಮಾತ್ರ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳಿಗೆ ಒಳ್ಳೆಯ ರೇಡಿಯಂ ಪಟ್ಟಿ ಅಂಟಿಸಿ ಸಾಲಾಗಿ ಇಡುವುದು ಕಲ್ಲಿಗಿಂತ ವಾಸಿ.

ನಮ್ಮ ಕಡೆಯ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೆ ಚಾಲಕನು ಹತ್ತಿರದ ಜಾಲಿಕಂಟಿಯನ್ನು ಕಡಿದು ಹಿಂದೆ ಹರಡುವುದನ್ನು ನೀವು ನೋಡಿಯೇ ಇರುತ್ತೀರಿ. ಯಾವ ಮಾನದಂಡವನ್ನೂ ಓದದ ಆತನ ಈ ಉಪಾಯದಲ್ಲಿ ಅರ್ಧ ಶಾಸ್ತ್ರವಿದೆ. ಕಂಟಿಗೆ ಬೈಕ್ ತಾಗಿದರೂ ಅದು ಬಾಗುತ್ತದೆ, ಸವಾರನನ್ನು ಕೊಲ್ಲುವುದಿಲ್ಲ. ಆದರೆ ರಾತ್ರಿ ಅದು ಕಾಣುವುದಿಲ್ಲ. ಸುಣ್ಣದ ಕಲ್ಲು ರಾತ್ರಿ ಸ್ವಲ್ಪ ಕಾಣುತ್ತದೆ, ಆದರೆ ತಾಗಿದರೆ ಬಾಗುವುದಿಲ್ಲ. ರಾತ್ರಿ ದೂರದಿಂದ ಕಾಣಬೇಕು, ತಾಗಿದರೆ ಮಣಿಯಬೇಕು ಎಂಬ ಎರಡು ಗುಣಗಳನ್ನು ಒಂದೇ ವಸ್ತುವಿನಲ್ಲಿ ಕೂಡಿಸುವ ಪ್ರಯತ್ನವೇ ನೀವು ಕ್ಯಾಟಲಾಗ್‌ನಲ್ಲಿ ಕಂಡ ಆ ಸಂಖ್ಯೆಗಳೆಲ್ಲ.

‘ಮ್ಯಾಶ್’ ಎಂಬುದು ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘವು 2009ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ಡಿಕ್ಕಿ ಪರೀಕ್ಷೆಯ ಕೈಪಿಡಿ. ಅದರ ಮೂರನೆಯ ಹಂತದ ಪರೀಕ್ಷೆಯಲ್ಲಿ ಸುಮಾರು 1100 ಕೆ.ಜಿ.ಯ ಸಣ್ಣ ಕಾರನ್ನೂ 2270 ಕೆ.ಜಿ.ಯ ಪಿಕಪ್ ವಾಹನವನ್ನೂ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಲಕರಣೆಗೆ ಗುದ್ದಿಸಿ, ಅದರ ಚೂರು ಗಾಜನ್ನು ಒಡೆದು ಒಳಗೆ ನುಗ್ಗುತ್ತದೆಯೇ, ವಾಹನ ಪಲ್ಟಿಯಾಗುತ್ತದೆಯೇ ಎಂದು ನೋಡುತ್ತಾರೆ. ‘ಇಎನ್ 13422’ ಯುರೋಪಿನ ಮಾನದಂಡ. ಕೋನ್ ಮತ್ತು ಸಿಲಿಂಡರ್‌ನಂತೆ ಎತ್ತಿಡಬಲ್ಲ, ಮಣಿಯಬಲ್ಲ ಎಚ್ಚರಿಕೆ ಸಾಧನಗಳಿಗೆ ಅನ್ವಯಿಸುತ್ತದೆ. ಇವೆರಡೂ ನಿಮ್ಮ ಕಾಮಗಾರಿಗೆ ಕಾನೂನಿನ ಕಡ್ಡಾಯವಲ್ಲ. ಕೋನ್ ಮೇಲೆ ಈ ಗುರುತುಗಳು ನಿಜವಾಗಿಯೂ ಇದ್ದರೆ ಒಳ್ಳೆಯದೇ, ಆದರೆ ಅವುಗಳಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಮೆದುವಾದ ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ, ಟೊಳ್ಳಾದ ಕೋನ್ ಸ್ವಭಾವತಃ ಮಣಿಯುವ ವಸ್ತುವೇ ಆಗಿದೆ. ಕಬ್ಬಿಣದ ಚೌಕಟ್ಟಿನ ಬ್ಯಾರಿಕೇಡ್ ಅಥವಾ ಫಲಕದ ಕಂಬವನ್ನು ಕೊಳ್ಳುವಾಗ ಮಾತ್ರ ಡಿಕ್ಕಿ ಪರೀಕ್ಷೆಯ ಪ್ರಶ್ನೆ ಗಂಭೀರವಾಗುತ್ತದೆ.

ನಿಮಗೆ ನೇರವಾಗಿ ಅನ್ವಯಿಸುವುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ‘ಐಆರ್‌ಸಿ ಎಸ್‌ಪಿ 55’. ರಸ್ತೆ ಕಾಮಗಾರಿ ವಲಯದ ಸಂಚಾರ ನಿರ್ವಹಣೆಗಾಗಿಯೇ ಇರುವ ಈ ಮಾರ್ಗಸೂಚಿ 2001ರಲ್ಲಿ ಮೊದಲು ಬಂದು 2014ರಲ್ಲಿ ಪರಿಷ್ಕೃತವಾಯಿತು. ಫಲಕಗಳಿಗೆ ‘ಐಆರ್‌ಸಿ 67’, ರಸ್ತೆಯ ಮೇಲಿನ ಗೆರೆಗಳಿಗೆ ‘ಐಆರ್‌ಸಿ 35’, ಗಟ್ಟಿ ತಡೆಗೋಡೆಗಳಿಗೆ ‘ಐಆರ್‌ಸಿ 119’ ಇವೆ. ಇವುಗಳ ಜೊತೆಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿರ್ದಿಷ್ಟತೆಗಳ 112ನೇ ವಿಧಿಯಿದೆ. ಕೆಲಸ ನಡೆಯುವಾಗ ಸಂಚಾರಕ್ಕೆ ಮಾಡುವ ವ್ಯವಸ್ಥೆಗೆ ಗುತ್ತಿಗೆದಾರನು ಇಂಜಿನಿಯರ್ ಅವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕೆಂದು ಅದು ಹೇಳುತ್ತದೆ. ನಿಮ್ಮ ಟೆಂಡರ್ ದಾಖಲೆಯಲ್ಲಿ ಈ ನಿರ್ದಿಷ್ಟತೆಗಳ ಉಲ್ಲೇಖವಿದೆಯೇ ಎಂದು ನೋಡಿ. ಇದ್ದರೆ ಅದು ಒಪ್ಪಂದದ ಭಾಗವಾಗುತ್ತದೆ. ಆದರೆ ಇಂಥ ವ್ಯವಸ್ಥೆಗೆ ಸಾಮಾನ್ಯವಾಗಿ ಪ್ರತ್ಯೇಕ ದರ ಸಿಗುವುದಿಲ್ಲ, ಅದನ್ನು ಇಡೀ ಕಾಮಗಾರಿಯ ದರದೊಳಗೇ ಸೇರಿದ್ದೆಂದು ಎಣಿಸಲಾಗುತ್ತದೆ. ಬಿಲ್ಲಿನಲ್ಲಿ ಕಾಣದ ಖರ್ಚಿಗೆ ಮೊದಲು ಕತ್ತರಿ ಬೀಳುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನಿಮ್ಮ ಮಾಲೀಕರು ತಾವಾಗಿ ಒಪ್ಪಿದ್ದಾರೆಂದರೆ ಅವರನ್ನು ಮೆಚ್ಚಬೇಕು.

ಈಗ ರೇಡಿಯಂ ವಿಚಾರಕ್ಕೆ ಬರೋಣ. ಹಣ ದಂಡವಾಗುವುದೂ ಉಳಿಯುವುದೂ ಇಲ್ಲಿಯೇ. ಅಂಗಡಿಯಲ್ಲಿ ನಾವು ‘ರೇಡಿಯಂ’ ಎಂದು ಕೇಳಿ ತರುವ ಪಟ್ಟಿಯಲ್ಲಿ ರೇಡಿಯಂ ಏನೂ ಇರುವುದಿಲ್ಲ. ಅದರೊಳಗೆ ಸಣ್ಣ ಗಾಜಿನ ಮಣಿಗಳೋ ಪ್ರಿಸ್ಮ್‌ಗಳೋ ಇರುತ್ತವೆ. ಅವು ಹೆಡ್‌ಲೈಟಿನ ಬೆಳಕನ್ನು, ಅದು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಹಿಂದಿರುಗಿಸುತ್ತವೆ. ಕನ್ನಡಿ ಅಥವಾ ಹೊಳೆಯುವ ಬೆಳ್ಳಿ ಬಣ್ಣದ ಕಾಗದ ಹೀಗೆ ಮಾಡುವುದಿಲ್ಲ, ಬೆಳಕನ್ನು ಬೇರೆ ಕಡೆಗೆ ಎಸೆಯುತ್ತದೆ. ಅಗ್ಗದ ಕೋನ್‌ಗಳ ಮೇಲೆ ಇಂಥ ಬರಿಯ ಹೊಳಪಿನ ಪಟ್ಟಿಗಳೇ ಇರುವುದುಂಟು. ಹಗಲು ಅಂಗಡಿಯಲ್ಲಿ ಎರಡೂ ಒಂದೇ ತೆರನಾಗಿ ಕಾಣುವುದರಿಂದ ನೀವು ಮೋಸಹೋಗುವುದು ಸುಲಭ. ಪತ್ತೆಹಚ್ಚುವ ದಾರಿ ಹೀಗಿದೆ: ಕತ್ತಲಾದ ಮೇಲೆ ಕೋನನ್ನು ಮೂವತ್ತು ಹೆಜ್ಜೆ ದೂರದಲ್ಲಿಟ್ಟು, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಕೆನ್ನೆಗೆ ತಾಗಿಸಿ ಹಿಡಿದು ನೋಡಿ. ಅನಂತರ ಟಾರ್ಚನ್ನು ಕೈ ಚಾಚುವಷ್ಟು ಬದಿಗೆ ಒಯ್ದು ನೋಡಿ. ಮೊದಲ ಸಲ ಪಟ್ಟಿ ಝಗ್ಗನೆ ಹೊತ್ತಿಕೊಂಡಂತೆ ಕಂಡು, ಎರಡನೆಯ ಸಲ ಮಂಕಾದರೆ ಅದು ನಿಜವಾದ ಪ್ರತಿಫಲಕ. ಎರಡೂ ಸಲ ಮಂಕಾಗಿಯೇ ಇದ್ದರೆ ವಾಪಸ್ ಕಳಿಸಿ.

ನೀವು ಕೇಳಿದ ‘ಟೈಪ್ 4’ ಎಂಬುದು ಇಂಥ ಹಾಳೆಗಳನ್ನು ವಿಂಗಡಿಸುವ, ಅಮೆರಿಕದ ‘ಎಎಸ್‌ಟಿಎಂ ಡಿ 4956’ ಮಾನದಂಡದ ಒಂದು ದರ್ಜೆ. ಟೈಪ್ 1 ಗಾಜಿನ ಮಣಿಗಳ ಸಾಧಾರಣ ಹಾಳೆ, ಟೈಪ್ 4 ಪ್ರಿಸ್ಮ್ ಹಾಳೆ, ಟೈಪ್ 8, 9 ಮತ್ತು 11 ಇನ್ನೂ ಪ್ರಖರವಾದವು. ಫಲಕಗಳಿಗೆ ಟೈಪ್ 4 ಅಥವಾ ಅದಕ್ಕಿಂತ ಮೇಲಿನದನ್ನು ತನ್ನಿ. ಕೋನ್ ವಿಚಾರ ಬೇರೆ. ಬಾಗುವ ಕೋನಿಗೆ ಗಡುಸು ಹಾಳೆ ಸುತ್ತಿದರೆ ಅದು ಬಿಸಿಲಿಗೆ ಬಿರುಕು ಬಿಟ್ಟು ಏಳುತ್ತದೆ. ಕೋನಿನ ಪಟ್ಟಿಗೆಂದೇ ಮಾಡಿದ, ಬಾಗಬಲ್ಲ ವಿನೈಲ್ ಪ್ರಿಸ್ಮ್ ಹಾಳೆಯೇ ಟೈಪ್ 6. ಆದ್ದರಿಂದ ಅಂಗಡಿಯವರು ಕೋನಿಗೂ ಟೈಪ್ 4 ಎಂದು ಹೆಮ್ಮೆಯಿಂದ ಹೇಳಿದರೆ, ಅದಕ್ಕೆ ಮರುಳಾಗಬೇಡಿ.

ಇದಕ್ಕೆ ನಮ್ಮ ಭಾಗದ ಒಂದು ತೊಡಕನ್ನು ಸೇರಿಸಬೇಕು. ಹಾಳೆಯಿಂದ ಹಿಂದಿರುಗುವ ಬೆಳಕು ಒಂದು ಸಣ್ಣ ಶಂಕುವಿನಂತೆ ಹರಡಿ ಹೆಡ್‌ಲೈಟಿನ ಸುತ್ತಮುತ್ತಲಿಗೆ ಬರುತ್ತದೆ. ಕಾರಿನ ಚಾಲಕನ ಕಣ್ಣು ತನ್ನ ದೀಪಕ್ಕೆ ಹತ್ತಿರವಿರುವುದರಿಂದ ಆತನಿಗೆ ಫಲಕ ಚೆನ್ನಾಗಿ ಬೆಳಗುತ್ತದೆ. ಎತ್ತರದ ಲಾರಿಯ ಚಾಲಕನ ಕಣ್ಣು ದೀಪದಿಂದ ಬಹಳ ಮೇಲಿರುವುದರಿಂದ ಅದೇ ಫಲಕ ಅದೇ ದೂರದಿಂದ ಆತನಿಗೆ ಮಂಕಾಗಿ ಕಾಣುತ್ತದೆ. ಹಂಗಾಮಿನಲ್ಲಿ ನಿಮ್ಮ ರಸ್ತೆಯ ರಾತ್ರಿ ಸಂಚಾರದ ಬಹುಪಾಲು ಕಬ್ಬಿನ ಲಾರಿ ಮತ್ತು ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್‌ಗಳದ್ದೇ. ಅವುಗಳಲ್ಲಿ ಕೆಲವಕ್ಕೆ ಒಂದೇ ದೀಪ ಉರಿಯುತ್ತಿರುತ್ತದೆ, ಅದೂ ಆಕಾಶ ನೋಡುತ್ತಿರುತ್ತದೆ. ಹೀಗಾಗಿ ಮಾರ್ಗಸೂಚಿ ಕೇಳಿದ್ದಕ್ಕಿಂತ ಒಂದು ದರ್ಜೆ ಮೇಲಿನ ಹಾಳೆಯನ್ನು ಇಲ್ಲಿ ಬಳಸಬೇಕೆಂಬುದು ನನ್ನ ಅಭಿಪ್ರಾಯ. ಎಷ್ಟೇ ಒಳ್ಳೆಯ ಹಾಳೆಯಾದರೂ ಎರೆಮಣ್ಣಿನ ಧೂಳಿನ ಮುಂದೆ ಸೋಲುತ್ತದೆ. ಟಿಪ್ಪರ್‌ಗಳು ಓಡಾಡುವ ಸೈಟಿನಲ್ಲಿ ಎರಡೇ ದಿನಕ್ಕೆ ಪಟ್ಟಿ ಕಪ್ಪಾಗುತ್ತದೆ, ಮಳೆ ಹನಿದರಂತೂ ಕೆಸರಿನ ಪದರವೇ ಕೂರುತ್ತದೆ. ಸಂಜೆ ಕೆಲಸ ಬಿಡುವ ಮುನ್ನ ಒಬ್ಬ ಕೂಲಿಯಾಳು ಬಕೆಟ್ ನೀರು ಮತ್ತು ಮೆದು ಬಟ್ಟೆಯೊಂದಿಗೆ ಎಲ್ಲ ಪಟ್ಟಿ, ಫಲಕಗಳನ್ನು ಒರೆಸಲಿ. ಮರಳಿನಿಂದ ಉಜ್ಜುವುದಾಗಲಿ, ಸೀಮೆಎಣ್ಣೆ ಹಚ್ಚುವುದಾಗಲಿ ಬೇಡ, ಹಾಳೆ ಕೆಡುತ್ತದೆ.

ಕೋನಿನ ಎತ್ತರದ ಬಗ್ಗೆ ಹೇಳುವುದಾದರೆ, ಅಮೆರಿಕದ ಸಂಚಾರ ಸಾಧನಗಳ ಕೈಪಿಡಿಯು ವೇಗದ ರಸ್ತೆಗೂ ರಾತ್ರಿಯ ಬಳಕೆಗೂ ಕನಿಷ್ಠ 700 ಮಿ.ಮೀ. ಎತ್ತರವನ್ನೂ, ಮೇಲೊಂದು ಸುಮಾರು 150 ಮಿ.ಮೀ., ಕೆಳಗೊಂದು ಸುಮಾರು 100 ಮಿ.ಮೀ. ಅಗಲದ ಬಿಳಿ ಪ್ರತಿಫಲಕ ಪಟ್ಟಿಗಳನ್ನೂ ಕೇಳುತ್ತದೆ. ನಮ್ಮ ಪೇಟೆಯಲ್ಲಿ ಸಿಗುವ 750 ಮಿ.ಮೀ. ಕೋನ್ ನಿಮಗೆ ಸರಿಹೊಂದುತ್ತದೆ. ಆಷಾಢದ ಗಾಳಿಗೆ ಹಗುರ ಕೋನ್ ಉರುಳುತ್ತದೆಂದು ಅದರ ನೆತ್ತಿಯ ತೂತಿನೊಳಗೆ ಕಲ್ಲು ಹಾಕುವ ರೂಢಿಯಿದೆ. ಡಿಕ್ಕಿಯಾದಾಗ ಆ ಕಲ್ಲು ಕವಣೆಕಲ್ಲಿನಂತೆ ಹಾರುತ್ತದೆ. ಭಾರದ ರಬ್ಬರ್ ತಳವಿರುವ ಕೋನ್ ಕೊಳ್ಳಿ, ಅಥವಾ ತಳದ ಮೇಲೆ ಕೂರುವ ರಬ್ಬರ್ ಬಳೆಗಳನ್ನು ಹಾಕಿ. ಡ್ರಮ್ಮಿನ ಮಾತೂ ಇದೇ. ಅದೇ ಅಮೆರಿಕದ ಕೈಪಿಡಿ ಲೋಹದ ಡ್ರಮ್ಮನ್ನು ಬಳಸಲೇಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ಬಳಕೆಯಲ್ಲಿರುವುದು ಕನಿಷ್ಠ 900 ಮಿ.ಮೀ. ಎತ್ತರದ, ಮೆದು ಪ್ಲಾಸ್ಟಿಕ್ಕಿನ ಡ್ರಮ್ಮು. ಮಣ್ಣು ತುಂಬಿದ ಡಾಂಬರ್ ಡ್ರಮ್ಮು ನಡುರಸ್ತೆಯಲ್ಲಿ ನೆಟ್ಟ ಕಂಬಕ್ಕೆ ಸಮ. ಅದು ಗುಂಡಿಗೆ ಬೀಳುವವನನ್ನು ಉಳಿಸುತ್ತದೆ ಎಂಬ ವಾದವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಆದರೆ ಗುಂಡಿಯೇ ಇಲ್ಲದ ಕಡೆಯೂ ಅದನ್ನು ಸಾಲಾಗಿ ನಿಲ್ಲಿಸಿರುತ್ತಾರೆ.

ದಾರಿ ತೋರುವ ಸಾಧನವನ್ನೂ ತಡೆದು ನಿಲ್ಲಿಸುವ ಸಾಧನವನ್ನೂ ಬೇರೆ ಬೇರೆಯಾಗಿ ನೋಡಬೇಕು. ಕೋನ್, ಡ್ರಮ್ಮು, ರಿಬ್ಬನ್, ಬ್ಯಾರಿಕೇಡ್ ಇವೆಲ್ಲ ಚಾಲಕನಿಗೆ ಮಾಹಿತಿ ಕೊಡುತ್ತವೆಯೇ ಹೊರತು ವಾಹನವನ್ನು ನಿಲ್ಲಿಸುವುದಿಲ್ಲ. ನೀರು ತುಂಬುವ ಕೆಂಪು–ಬಿಳಿ ಪ್ಲಾಸ್ಟಿಕ್ ತಡೆಗಳು ನೋಡಲು ಗೋಡೆಯಂತಿದ್ದರೂ, ಖಾಲಿ ಇಟ್ಟಾಗ ಕೋನಿಗಿಂತ ಹೆಚ್ಚಿನದೇನೂ ಅಲ್ಲ. ಮೋರಿಗಾಗಿ ಅಗೆದ ಆಳವಾದ ಗುಂಡಿಯ ಅಂಚಿನಲ್ಲಿ ವಾಹನವನ್ನು ನಿಜವಾಗಿ ತಡೆಯಬೇಕಿದ್ದರೆ, ಒಂದಕ್ಕೊಂದು ಜೋಡಿಸಿದ ಕಾಂಕ್ರೀಟ್ ತಡೆಗಳು ಬೇಕು. ಅವುಗಳ ಮೊದಲ ತುದಿಯೇ ಎದುರು ಬರುವವನಿಗೆ ಅಪಾಯವಾಗದಂತೆ, ಆ ತುದಿಯನ್ನು ರಸ್ತೆಯಿಂದ ಹೊರಕ್ಕೆ ತಿರುಗಿಸಿಡಬೇಕು. ಏಳು ಮೀಟರ್ ಡಾಂಬರು ರಸ್ತೆಯಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ ಎಂದು ನನಗೆ ಗೊತ್ತಿದೆ. ಜಾಗವಿಲ್ಲದಿದ್ದರೆ ಗುಂಡಿಯನ್ನು ಚಿಕ್ಕ ಚಿಕ್ಕ ಭಾಗಗಳಲ್ಲಿ ಅಗೆದು ಬೇಗ ಮುಚ್ಚುವುದು, ಕೋನ್ ಸಾಲು ಮತ್ತು ಗುಂಡಿಯ ನಡುವೆ ಏನನ್ನೂ ಇಡದ ಖಾಲಿ ಪಟ್ಟಿಯನ್ನು ಉಳಿಸುವುದು, ರಾತ್ರಿ ಕಾವಲುಗಾರನನ್ನು ಇಡುವುದು ಇವೇ ಉಳಿಯುವ ದಾರಿಗಳು. ಆ ಖಾಲಿ ಪಟ್ಟಿಯಲ್ಲಿ ಜೆಸಿಬಿ ನಿಲ್ಲಿಸುವುದು, ಜಲ್ಲಿ ಸುರಿಯುವುದು ಸಲ್ಲದು.

ದೂರದ ಲೆಕ್ಕವನ್ನು ಒಮ್ಮೆ ನೀವೇ ಮಾಡಿ ನೋಡಿ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್‌ಗಿಂತ ಹೆಚ್ಚು. ಅಡಚಣೆಯನ್ನು ಕಂಡು, ಅರಿತು, ಬ್ರೇಕಿನ ಮೇಲೆ ಕಾಲಿಡುವುದಕ್ಕೆ ನಮ್ಮ ರಸ್ತೆ ವಿನ್ಯಾಸದಲ್ಲಿ ಎಣಿಸುವ ಸಮಯ ಎರಡೂವರೆ ಸೆಕೆಂಡು. ಅಷ್ಟರಲ್ಲಿ ವಾಹನವು 55 ಮೀಟರ್ ಸಾಗಿರುತ್ತದೆ, ಬ್ರೇಕಿನ್ನೂ ಹಿಡಿದಿರುವುದಿಲ್ಲ. ಈ ವೇಗಕ್ಕೆ ಒಟ್ಟು ನಿಲುಗಡೆಯ ದೂರವನ್ನು ಐಆರ್‌ಸಿ 120 ಮೀಟರ್ ಎಂದೂ, 100 ಕಿ.ಮೀ. ವೇಗಕ್ಕೆ 180 ಮೀಟರ್ ಎಂದೂ ಇಟ್ಟುಕೊಂಡಿದೆ. ಟ್ರಾಲಿಗಳಿಗೆ ಹೆಚ್ಚಾಗಿ ಸ್ವಂತ ಬ್ರೇಕ್ ಇರುವುದಿಲ್ಲವಾದ್ದರಿಂದ, ಕಬ್ಬು ಹೇರಿದ ಟ್ರ್ಯಾಕ್ಟರ್ ತನ್ನ ವೇಗ ಕಡಿಮೆಯಿದ್ದರೂ ಈ ಲೆಕ್ಕದಲ್ಲಿ ಕೂರುವುದಿಲ್ಲ. ಹೀಗಿರುವಾಗ ಗುಂಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ‘ಕೆಲಸ ನಡೆಯುತ್ತಿದೆ, ನಿಧಾನವಾಗಿ ಚಲಿಸಿ’ ಎಂದು ಬರೆದಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಎಸ್‌ಪಿ 55 ಕಾಮಗಾರಿ ಸ್ಥಳವನ್ನು ಮುನ್ನೆಚ್ಚರಿಕೆಯ ಭಾಗ, ವಾಹನಗಳು ಬದಿಗೆ ಸರಿಯುವ ಭಾಗ, ಕೆಲಸದ ಭಾಗ, ಮತ್ತೆ ಮೊದಲಿನ ದಾರಿಗೆ ಮರಳುವ ಭಾಗ ಎಂದು ವಿಂಗಡಿಸಿರುವುದು ಇದೇ ಕಾರಣಕ್ಕೆ.

ಇದರಲ್ಲಿ ಬಹಳ ಜನ ತಪ್ಪುವ ಎರಡು ಅಂಶಗಳಿವೆ. ಒಂದು, ಮೊದಲ ಫಲಕದ ದೂರವನ್ನು ಗುಂಡಿಯಿಂದ ಅಳೆಯುತ್ತಾರೆ. ಆದರೆ ನಿಮ್ಮಲ್ಲಿ ವಾಹನಗಳನ್ನು ಸರದಿಯ ಮೇಲೆ ಬಿಡುವುದರಿಂದ ಕಾಯುವ ವಾಹನಗಳ ಸಾಲು, ಅಂದರೆ ಪಾಳಿ, ನಿಲ್ಲುತ್ತದೆ. ಹಂಗಾಮಿನಲ್ಲಿ ಹತ್ತು ಟ್ರ್ಯಾಕ್ಟರ್ ನಿಂತರೆ ಪಾಳಿಯೇ ನೂರೈವತ್ತು ಮೀಟರ್ ಮೀರುತ್ತದೆ. ಹಿಂದಿನಿಂದ ಬರುವವನಿಗೆ ಅಪಾಯವಿರುವುದು ಗುಂಡಿಯಲ್ಲಲ್ಲ, ದೀಪವಿಲ್ಲದೆ ನಿಂತ ಕೊನೆಯ ಟ್ರಾಲಿಯಲ್ಲಿ. ಆದ್ದರಿಂದ ಪಾಳಿ ಅತಿ ಉದ್ದ ಬೆಳೆಯುವ ಹೊತ್ತಿನಲ್ಲಿ ಅದರ ಬಾಲ ಎಲ್ಲಿರುತ್ತದೆಂದು ಎರಡು ದಿನ ನೋಡಿ, ಅಲ್ಲಿಂದ ಹಿಂದಕ್ಕೆ ಅಳೆದು ಫಲಕ ನಿಲ್ಲಿಸಿ. ಎರಡನೆಯದು ಕೋನ್ ಸಾಲಿನ ಓರೆ, ಅಂದರೆ ವಾಹನಗಳನ್ನು ಬದಿಗೆ ಸರಿಸಲು ಕೋನ್‌ಗಳನ್ನು ಓರೆಯಾಗಿ ಇಟ್ಟ ಭಾಗ. ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದು ಪಥವನ್ನು ಮುಚ್ಚುವಾಗ ಓರೆ ಉದ್ದವಾಗಿರಬೇಕು: ಅಮೆರಿಕದ ಸೂತ್ರದಂತೆ 3.5 ಮೀಟರ್ ಪಥಕ್ಕೆ 80 ಕಿ.ಮೀ. ವೇಗದಲ್ಲಿ ಸುಮಾರು 175 ಮೀಟರ್. ಬೆಳಗಾವಿಯಿಂದ ಧಾರವಾಡದ ಕಡೆಗೆ ಹೋಗುವ 48ರ ಹೆದ್ದಾರಿಗೆ ಅದು ಸರಿ. ನಿಮ್ಮದು ಎರಡು ಪಥದ ರಸ್ತೆ. ವಾಹನಗಳು ನಿಂತು, ಸನ್ನೆ ಕಂಡ ಮೇಲೆ ಚಲಿಸುತ್ತವೆ. ಇಲ್ಲಿ ಓರೆ 15ರಿಂದ 30 ಮೀಟರ್ ಸಾಕು, ಕೋನ್‌ಗಳ ನಡುವಿನ ಅಂತರ ಸುಮಾರು 6 ಮೀಟರ್. ಓರೆ ಉದ್ದವಾದರೆ ಚಾಲಕನಿಗೆ ಎರಡು ಪಥಗಳು ಒಂದಾಗಿ ಸಾಗುತ್ತಿವೆ, ನಿಲ್ಲಬೇಕಿಲ್ಲ ಎಂಬ ಭ್ರಮೆ ಹುಟ್ಟುತ್ತದೆ. ಹೆದ್ದಾರಿಯ ನಕ್ಷೆಯನ್ನು ತಂದು ಹಳ್ಳಿಯ ರಸ್ತೆಗೆ ಅಂಟಿಸಬಾರದು ಎನ್ನುವುದು ಇದಕ್ಕೇ.

ತೆರೆದಿಟ್ಟ ಅರ್ಧದ ಅಗಲವನ್ನೂ ಅಳೆಯಿರಿ. ವಾಹನದ ಅಗಲಕ್ಕೆ ನಿಯಮದ ಮಿತಿ 2.6 ಮೀಟರ್, ಆದರೆ ಕಬ್ಬಿನ ಹೇರು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಏಳು ಮೀಟರ್ ರಸ್ತೆಯ ಅರ್ಧ ಮೂರೂವರೆ ಮೀಟರ್; ಕೋನಿನ ತಳವನ್ನು ಗೆರೆಯ ಈಚೆಗಿಟ್ಟರೆ ಅದರಲ್ಲಿ ಅರ್ಧ ಮೀಟರ್ ಹೋಯಿತು. ಕೋನ್ ಯಾವಾಗಲೂ ಮುಚ್ಚಿದ ಕಡೆಗೇ ನಿಲ್ಲಬೇಕು. ಬದಿಯ ಮಣ್ಣಿನ ಅಂಚಿನ ಮೇಲೆ ಚಕ್ರ ಹಾಯಿಸಬಹುದೆಂದು ಎಣಿಸಬೇಡಿ, ಮಳೆ ಬಿದ್ದ ಎರೆಮಣ್ಣು ಲೋಡು ಟ್ರಾಲಿಯನ್ನು ಹೊರುವುದಿಲ್ಲ.

ಬಾವುಟ ಹಿಡಿಯುವವರು ಎರಡೂ ತುದಿಗೆ ಒಬ್ಬೊಬ್ಬರಿರಲಿ. ಒಬ್ಬರಿಗೊಬ್ಬರು ಕಾಣದಿದ್ದರೆ ವಾಕಿಟಾಕಿ ಕೊಡಿ. ಅದಿಲ್ಲದಿದ್ದರೆ, ಈ ಕಡೆಯಿಂದ ಬಿಟ್ಟ ಕೊನೆಯ ವಾಹನದವನ ಕೈಗೆ ಬಾವುಟ ಕೊಟ್ಟು ಆ ಕಡೆಯವರಿಗೆ ಮುಟ್ಟಿಸುವ ಹಳೆಯ ಪದ್ಧತಿ ಈಗಲೂ ನಡೆಯುತ್ತದೆ. ನೂರು ಮೀಟರ್ ದಾಟಲು ಗಂಟೆಗೆ ಹತ್ತು ಕಿ.ಮೀ.ಯ ಟ್ರ್ಯಾಕ್ಟರಿಗೆ 36 ಸೆಕೆಂಡು ಬೇಕು. ಕಾರು ದಾಟುವ ಹೊತ್ತನ್ನು ಲೆಕ್ಕ ಹಿಡಿದು ಎದುರಿನವರನ್ನು ಬಿಟ್ಟರೆ ನಡುವೆ ಮುಖಾಮುಖಿಯಾಗುತ್ತದೆ, ಹಿಂದಕ್ಕೆ ಬರಲು ಎರಡು ಟ್ರಾಲಿಯವನಿಗೆ ಆಗುವುದಿಲ್ಲ. ಇನ್ನು ಅವರ ಜಾಕೆಟ್. ಅದರ ಹಳದಿ–ಹಸಿರು ಅಥವಾ ಕೇಸರಿ ಬಟ್ಟೆ ಹಗಲಿಗೆ, ಬೂದು ಪಟ್ಟಿ ರಾತ್ರಿಗೆ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಐಎಸ್‌ಒ 20471 ಎಂಬ ಮಾನದಂಡದಲ್ಲಿ ಮೂರು ದರ್ಜೆಗಳಿದ್ದು, ಎರಡನೆಯದಕ್ಕೆ ಕನಿಷ್ಠ 0.50 ಚದರ ಮೀಟರ್ ಹೊಳೆಬಣ್ಣದ ಬಟ್ಟೆ ಮತ್ತು 0.13 ಚದರ ಮೀಟರ್ ಪ್ರತಿಫಲಕ ಪಟ್ಟಿ, ಮೂರನೆಯದಕ್ಕೆ 0.80 ಮತ್ತು 0.20 ಚದರ ಮೀಟರ್ ಬೇಕು. ನಮ್ಮ ಸೈಟುಗಳಲ್ಲಿ ಕಾಣುವ ಜಾಳಿಗೆಯಂಥ ತೆಳು ಜಾಕೆಟ್ ಇದರ ಹತ್ತಿರಕ್ಕೂ ಬರುವುದಿಲ್ಲ. ರಾತ್ರಿ ನಿಲ್ಲುವವರಿಗೆ ಮೂರನೆಯ ದರ್ಜೆಯದನ್ನೇ ಕೊಡಿಸಿ, ಅವರು ನಿಲ್ಲುವ ಜಾಗಕ್ಕೆ ಒಂದು ದೀಪವನ್ನೂ ಹಾಕಿಸಿ.

ಕೆಲಸ ಯುಗಾದಿಯ ಹತ್ತಿರಕ್ಕೆ ಎಳೆದರೆ, ನಮ್ಮ ಜಿಲ್ಲೆಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರನ್ನು ನೆನಪಿಡಿ. ಬಿಸಿಲು ತಪ್ಪಿಸಲು ಅವರು ರಾತ್ರಿ ಮತ್ತು ನಸುಕಿನಲ್ಲಿ ರಸ್ತೆಯ ಅಂಚಿಗೇ ನಡೆಯುತ್ತಾರೆ. ನೀವು ಆ ಅಂಚನ್ನೇ ಅಗೆದಿರುತ್ತೀರಿ. ಗುಂಡಿಯ ಪಕ್ಕದಲ್ಲಿ ಸೊಂಟದೆತ್ತರದ ಅಡ್ಡಪಟ್ಟಿಯ ಬ್ಯಾರಿಕೇಡಿನ ಆಚೆ ಕಾಲುದಾರಿ ಬೇಕು, ರಿಬ್ಬನ್ ಸಾಲದು.

ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಸೇವೆಯಲ್ಲಿದ್ದಾಗ ವಿಜಯಪುರದ ಕಡೆಯ ಒಂದು ಕಾಮಗಾರಿಯಲ್ಲಿ ಫಲಕಗಳನ್ನು ಹಗಲು ಹೊತ್ತು ನಡೆದುಕೊಂಡೇ ಪರಿಶೀಲಿಸಿ ಸಹಿ ಹಾಕಿದ್ದೆ. ವಾರದ ನಂತರ ರಾತ್ರಿ ಅದೇ ದಾರಿಯಲ್ಲಿ ಬೈಕಿನಲ್ಲಿ ಬಂದಾಗ ಮೊದಲ ಫಲಕ ನನಗೆ ಕಾಣಲೇ ಇಲ್ಲ. ಮರುದಿನ ನೋಡಿದರೆ ಅದು ಬೇವಿನ ಮರದ ಕೊಂಬೆಯ ಹಿಂದಿತ್ತು. ಪಕ್ಕದಲ್ಲಿ ನಿಂತು ನೋಡಿದ ನನಗೆ ಆ ಕೊಂಬೆ ಅಡ್ಡವಾಗಿರಲಿಲ್ಲ. ಅಂದಿನಿಂದ ರಾತ್ರಿ, ಚಾಲಕನ ಆಸನದಲ್ಲಿ ಕುಳಿತು, ಎರಡೂ ದಿಕ್ಕಿನಿಂದ ಬಂದು ನೋಡದೆ ಯಾವ ವ್ಯವಸ್ಥೆಗೂ ಸಹಿ ಹಾಕಲಿಲ್ಲ. ನೀವು ಒಮ್ಮೆ ಬೈಕಿನಲ್ಲಿ, ಒಮ್ಮೆ ಟಿಪ್ಪರ್‌ನ ಕ್ಯಾಬಿನ್ನಿನಲ್ಲಿ ಬನ್ನಿ. ಎತ್ತರದ ವ್ಯತ್ಯಾಸದ ಬಗ್ಗೆ ನಾನು ಹೇಳಿದ್ದು ಆಗ ಕಣ್ಣಿಗೇ ಬೀಳುತ್ತದೆ.

ಹೊಣೆಯ ಪ್ರಶ್ನೆ ಕೊನೆಗೆ ಉಳಿಯಿತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಯಾರೇ ಆಗಲಿ ನಿಗದಿತ ಸುರಕ್ಷಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ದಂಡದ ಮೊತ್ತಕ್ಕಿಂತ ಮುಖ್ಯವಾದುದು, ನ್ಯಾಯಾಲಯವು ಗಮನಿಸಬೇಕಾದ ಅಂಶಗಳನ್ನು ಆ ಕಲಮೇ ಪಟ್ಟಿ ಮಾಡಿರುವುದು. ಆ ರಸ್ತೆಯಲ್ಲಿ ಎಂಥ ಸಂಚಾರವನ್ನು ನಿರೀಕ್ಷಿಸಬಹುದಿತ್ತು, ಅಪಾಯವಿದೆಯೆಂದು ಹೊಣೆಗಾರರಿಗೆ ತಿಳಿದಿತ್ತೇ, ಯಾವ ಎಚ್ಚರಿಕೆ ಫಲಕಗಳನ್ನು ಹಾಕಲಾಗಿತ್ತು ಎಂಬುವು ಅದರಲ್ಲಿವೆ. ಕಬ್ಬಿನ ಟ್ರ್ಯಾಕ್ಟರ್ ಬರುತ್ತದೆಂದು ಗೊತ್ತಿರಲಿಲ್ಲ ಎಂದು ಮುಧೋಳದಲ್ಲಿ ಕೆಲಸ ಮಾಡುವ ಯಾರೂ ಹೇಳಲಾರರು. ಇದಲ್ಲದೆ, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು, ಮತ್ತು ಅದು ಮಾಲೀಕರಿಗಷ್ಟೇ ಸೀಮಿತವಲ್ಲ. ಹಾಗಾಗಿ ಒಂದು ನೋಟ್‌ಬುಕ್ ಇಡಿ. ಪ್ರತಿದಿನ ಸಂಜೆ ಯಾವ ಫಲಕ ಎಲ್ಲಿತ್ತು, ಎಷ್ಟು ಕೋನ್ ನಿಂತಿದ್ದವು, ಯಾವ ಬ್ಲಿಂಕರ್ ಉರಿಯುತ್ತಿರಲಿಲ್ಲ, ಅದನ್ನು ಯಾರಿಗೆ ತಿಳಿಸಿದಿರಿ ಎಂದು ಸಮಯಸಹಿತ ಬರೆದು, ಚಾಲಕನ ಕಡೆಯಿಂದ ತೆಗೆದ ಫೋಟೊವನ್ನು ಇಂಜಿನಿಯರ್ ಸಾಹೇಬರಿಗೂ ಮಾಲೀಕರಿಗೂ ಕಳಿಸಿ. ಗುಂಡಿ ಮುಚ್ಚಿ ಎರಡೂ ಪಥ ತೆರೆದ ದಿನ ಫಲಕಗಳನ್ನು ಅಂದೇ ಕೀಳಿಸಿ. ಕೀಳಲು ಆಳುಗಳಿಲ್ಲದಿದ್ದರೆ ಗೋಣಿಚೀಲ ಕಟ್ಟಿ ಮುಚ್ಚಿಸಿ. ಕೆಲಸವೇ ಇಲ್ಲದ ಕಡೆ ತಿಂಗಳುಗಟ್ಟಲೆ ನಿಂತ ಫಲಕವನ್ನು ನೋಡಿ ನೋಡಿ ಬೇಸತ್ತ ಚಾಲಕ, ನಿಮ್ಮ ಮುಂದಿನ ಮೋರಿಯ ಹತ್ತಿರ ನಿಧಾನಿಸುವುದಿಲ್ಲ.